ಇಳಿಯುವ ದಾರಿಯ ಬಾಣಗಳು

ಜನವರಿ ಹನ್ನೆರಡು, ಸೋಮವಾರ ಬೆಳಿಗ್ಗೆ

ಪುಟ್ಟಿಯ ಅಪ್ಪನಿಗೆ,

'ಪ್ರೀತಿಯ' ಅಂತ ಬರೆದು ಹೊಡೆದುಹಾಕಿದೆ. 'ಮಾನ್ಯರೇ' ಅಂತ ಬರೆದು ನನಗೇ ನಗು ಬಂತು. ನೀವು ಬಣ್ಣದಂಗಡಿಯ ಮೇಲಿನ ಕೋಣೆಗೆ ಹೋಗಿ ಎಂಟು ತಿಂಗಳಾಯಿತು, ನಿಮ್ಮನ್ನು ಏನೆಂದು ಕರೆಯಬೇಕೋ ಗೊತ್ತಾಗುತ್ತಿಲ್ಲ. ಇದ್ದುದರಲ್ಲಿ 'ಪುಟ್ಟಿಯ ಅಪ್ಪ' ಅನ್ನುವುದೊಂದು ಸುಳ್ಳಲ್ಲ.

ವಿಚ್ಛೇದನದ ಕಾಗದಕ್ಕೆ ಸಹಿ ಮಾಡಿ ಇವತ್ತು ಕೊಡುತ್ತೇನೆ ಅಂತ ವಕೀಲರಿಗೆ ಹೇಳಿದ್ದೆ. ನೀವು ಆಗಲೇ ಮಾಡಿದ್ದೀರಿ. ಬೋರ್ಡು ಬರೆಯುವವರ ಸಹಿ, ಕೇಳಬೇಕೆ! ನಿನ್ನೆ ಅದನ್ನು ಹೊಲಿಗೆ ಯಂತ್ರದ ಮೇಲಿಟ್ಟುಕೊಂಡು ಕೂತವಳು, ಅಂಚೆಯಣ್ಣನ ಕೋಟಿಗೆ ಎಡ ತೋಳನ್ನು ಬಲಕ್ಕೆ ಹೊಲಿದೆ. ಕೊನೆಗೆ ಕಾಗದವನ್ನು ಚೀಲಕ್ಕೆ ತುರುಕಿಕೊಂಡು ಊರ ಮೇಲಿನ ಕಲ್ಲುಗುಡ್ಡ ಹತ್ತಿದೆ. ಅಲ್ಲೇ ಸಹಿ ಹಾಕಿ ಮುಗಿಸೋಣ ಅಂತ.

ಅಲ್ಲೇ ಯಾಕೆ ಅಂತ ನಿಮಗೆ ಗೊತ್ತು. ನಾಲ್ಕು ವರ್ಷದ ಹಿಂದೆ ಇಂಥದೇ ಚಳಿಯಲ್ಲಿ ಒಬ್ಬಳೇ ಹೋಗಿದ್ದೆ. ಇಳಿಯುವಾಗ ಮಂಜಿನಲ್ಲಿ ದಾರಿ ತಪ್ಪಿ ಸೀಳುಬಂಡೆಗೆ ಒರಗಿ ಅರ್ಧ ದಿನ ನಡುಗುತ್ತ ಕೂತಿದ್ದೆ. ನೀವು ಹುಡುಕಿಕೊಂಡು ಬರಲಿಲ್ಲ. ಬರ್ತಾಳೆ ಬಿಡಿ, ಅವಳೇನು ಮಗೂನಾ ಅಂತ ಪಕ್ಕದ ಮನೆಯವರಿಗೆ ಹೇಳಿದಿರಂತೆ. ನೆನೆದರೆ ಈಗಲೂ ಮೈ ಉರಿಯುತ್ತದೆ. ಆಮೇಲಂತೂ ಭಾನುವಾರ ಬಂದರೆ ಬಣ್ಣದ ಡಬ್ಬಿ, ಬ್ರಷ್ಷು ಹಿಡಿದು ನಾಪತ್ತೆ. ಕೇಳಿದರೆ ಕೆಲಸ ಇದೆ ಅನ್ನುವಿರಿ. ನನ್ನ ಮುಖ ನೋಡಲಾಗದೆ ಹೋಗುತ್ತೀರಿ ಅಂದುಕೊಂಡೆ.

ನಿನ್ನೆ ಬಂಡೆಗಳ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು, ಕಾಲಿಟ್ಟಲ್ಲೆಲ್ಲ ಜಾರು. ದಾರಿಗೆ ಒಂದು ಗುರುತಾದರೂ ಬೇಡವೇ ಅಂತ ಬೈದುಕೊಂಡೇ ಹತ್ತಿದೆ. ತುದಿಯಲ್ಲಿ ಕೂತು ಕಾಗದ ಬಿಡಿಸಿದರೆ ಚಳಿಗೆ ಪೆನ್ನು ಬರೆಯಲಿಲ್ಲ. ಅಷ್ಟರಲ್ಲಿ ಮಂಜು ಮುಚ್ಚಿಕೊಂಡಿತು. ಕಾಗದ ಮಡಚಿಕೊಂಡು ಎದ್ದೆ.

ತಿರುಗಿ ನಾಲ್ಕು ಹೆಜ್ಜೆ ಇಟ್ಟೆ. ಬಂಡೆಯ ಮೇಲೆ ಬಿಳಿ ಬಾಣ. ಅದರಾಚೆ ಇನ್ನೊಂದು. ಹತ್ತುವವರಿಗೆ ಕಾಣದೆ, ಇಳಿಯುವವರ ಕಣ್ಣಿಗೆ ಮಾತ್ರ ಬೀಳುವ ಹಾಗೆ ಬರೆದವು. ಬಾಲದಲ್ಲಿ ನಿಮ್ಮ ಬೋರ್ಡಿನ ಅಕ್ಷರಗಳಿಗಿರುವ ಆ ಸಣ್ಣ ಕೊಂಕು ನೋಡಿದೊಡನೆ ನಿಮ್ಮ ಕೈ ಅಂತ ತಿಳಿಯಿತು. ಪ್ರತಿ ಜಗಳದಲ್ಲೂ ನಾನು ಎತ್ತಿ ಆಡುತ್ತಿದ್ದ ಸೀಳುಬಂಡೆಯ ಮೇಲೆ ಒಂದಲ್ಲ, ಮೂರು ಬಾಣ. ಮುಟ್ಟಿ ಮುಟ್ಟಿ ನೋಡಿಕೊಂಡು ಇಳಿದೆ.

ಈಗ ನನಗೆ ಏನೂ ತೋಚುತ್ತಿಲ್ಲ. ಕೋಪವೂ ಬರುತ್ತಿದೆ, ಅಳುವೂ ಬರುತ್ತಿದೆ. ಒಂದು ಮಾತು ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಬಾಣ ಬರೆದವರೂ ಅವತ್ತು ಬಾರದಿದ್ದವರೂ ಒಬ್ಬರೇ ತಾನೇ? ಬಣ್ಣ ಬಳಿದರೆ ಅದು ಇಲ್ಲವಾಗುತ್ತದೆಯೇ? ಇಲ್ಲ. ಆದರೆ ನಾನು ಮನೆ ಸೇರಿದ್ದು ಆ ಬಣ್ಣ ಹಿಡಿದೇ. ಕಣ್ಣು ಯಾಕೆ ಕೆಂಪಗಿದೆ ಅಂತ ಪುಟ್ಟಿ ಕೇಳಿದಳು, ಚಳಿಗಾಳಿ ಅಂದೆ. ಅವಳು ನಂಬಲಿಲ್ಲ.

ಇದನ್ನೋದಿ ಏನೇನೋ ಊಹಿಸಿಕೊಳ್ಳಬೇಡಿ. ಸಹಿ ಆಗದ್ದಕ್ಕೆ ಪೆನ್ನು ಕೈಕೊಟ್ಟಿತು ಅಂತಲೇ ವಕೀಲರಿಗೂ ಹೇಳುತ್ತೇನೆ.

ಇಂತಿ,
ಪುಟ್ಟಿಯ ಅಮ್ಮ

ಮರೆತ ಮಾತು: ಚೀಲದಲ್ಲಿ ಇನ್ನೊಂದು ಪೆನ್ನಿತ್ತು. ನಾನೇ ಹೊರಗೆ ತೆಗೆಯಲಿಲ್ಲ. ಈ ಪತ್ರ ಬರೆದದ್ದು ಅದರಲ್ಲೇ.