ನೀರಲ್ಲಿ ಬಿಚ್ಚಿಕೊಂಡ ರಟ್ಟಿನ ಫ್ರಾಂಕು

ಅಂಟನನರಿವೊ, ಜುಲೈ 1917

ಅಣ್ಣ ರಜಾಫಿ,

ನೀನು ಫ್ರಾನ್ಸಿನ ಯುದ್ಧಕ್ಕೆ ಹೊರಡುವ ಮುನ್ನಾದಿನ ಅಮ್ಮನ ಬೆಳ್ಳಿ ನಾಣ್ಯ ಕದ್ದವನು ನಾನು. ಮನೆಯಲ್ಲಿ ಉಳಿದಿದ್ದ ಕೊನೆಯ ಬೆಳ್ಳಿ ಅದು. ಈ ಕಳ್ಳ ಫ್ರೆಂಚ್ ಸರ್ಕಾರ ನಮ್ಮ ಬೆಳ್ಳಿಯನ್ನೆಲ್ಲ ಬಾಚಿಕೊಂಡು, ರಟ್ಟಿಗೆ ಅಂಚೆಚೀಟಿ ಅಂಟಿಸಿ ದುಡ್ಡೆಂದು ಕೊಡುತ್ತಿದೆ ಎಂಬ ಕರಪತ್ರವನ್ನು ಆ ನಾಣ್ಯ ಕೊಟ್ಟೇ ಅಚ್ಚು ಹಾಕಿಸಿದೆ. ದೂರ ಹೊರಟವರು ಕ್ಷೇಮವಾಗಿ ಮರಳಲೆಂದು ಬೆಳ್ಳಿ ಮುಳುಗಿಸಿದ ನೀರು ಚಿಮುಕಿಸಿ ಹರಸುವುದು ಬರೀ ಮೂಢನಂಬಿಕೆ ಎಂದುಕೊಂಡಿದ್ದೆ.

ಈ ಬೆಳಿಗ್ಗೆ ಚಿಕ್ಕಪ್ಪನ ಮಗ ಸೊಲೊಫೊ ಯುದ್ಧಕ್ಕೆ ಹೊರಟ. ನಿನ್ನನ್ನು ಹರಸಿದಾಗಿನಂತೆಯೇ ಅಮ್ಮ ಬೆಳ್ಳಿಯಿಲ್ಲದೆ ನೀರಿನ ಬಟ್ಟಲಿಗೆ ರಟ್ಟಿನ ಫ್ರಾಂಕು ಹಾಕಿದಳು. ಅಂಟು ಬಿಟ್ಟು, ಅದರ ಮೇಲಿನ ನಾಯಿಯ ಚಿತ್ರ ತೇಲಿತು.

"ದೊಡ್ಡಮ್ಮ, ನಾಯಿ ಈಜ್ತಾ ಇದೆ. ನನಗಿಂತ ಮೊದ್ಲು ಫ್ರಾನ್ಸ್ ಮುಟ್ಟತ್ತೆ ನೋಡು" ಎಂದ ಸೊಲೊಫೊ. ಎಲ್ಲರೂ ನಕ್ಕರು.

ಅಮ್ಮ ನಗಲಿಲ್ಲ. "ಆ ನಾಣ್ಯ ನಾನೇ ಎಲ್ಲೋ ಕಳ್ಕೊಂಡೆ ಕಣಪ್ಪ. ಬೆಳ್ಳಿ ನೀರು ಬಿದ್ದಿದ್ರೆ ನನ್ನ ರಜಾಫಿ ವಾಪಸ್ ಬರ್ತಿದ್ದ" ಎಂದಳು.

ನಾನು ಬಟ್ಟಲು ತೊಳೆಯಲು ಎದ್ದುಹೋದೆ.

ನಿನ್ನ ದೇಹ ಬರಲಿಲ್ಲ. ಹಿರಿಯರ ಗೋರಿಯ ಪಕ್ಕ ನಿನ್ನ ಹೆಸರಿನ ಕಲ್ಲು ನಿಲ್ಲಿಸುತ್ತೇವೆ; ದೇಹ ಸಿಗದವರ ಆತ್ಮ ಆ ಕಲ್ಲಿಗೆ ಬರುತ್ತದಂತೆ. ಅದರ ಮುಂದೆ ಅಮ್ಮನಿಗೆ ಎಲ್ಲ ಹೇಳಬೇಕು, ಒಬ್ಬನಿಂದಲೇ ಆಗದು. ಶನಿವಾರ ಬೆಳಿಗ್ಗೆ ಏಳಕ್ಕೆ ಬಾ.