ಅಲ್ಯೂಮಿನಿಯಂ ಮೇಲಿನ ಅಂಗೈ

ಮಾರ್ಚ್ ೧೧, ಮಂಗಳವಾರ

ಕೆನ್ನೆಯ ಗಾಯ ಉರಿಯುತ್ತಿದೆ. ಅದಕ್ಕಿಂತ ನನ್ನ ಬಲಗೈ ಹೆಚ್ಚು ಉರಿಯುತ್ತಿದೆ.

ಬೆಂಕಿ ಆರಿಸುವವರ ಏಣಿಗೆಂದು ಕಾರ್ಬನ್ ನಾರಿನ ಪಟ್ಟಿಯನ್ನು ಅಲ್ಯೂಮಿನಿಯಂಗೆ ಅಂಟಿಸಿದ್ದೆವು. ಅದೇ ಅಂಟಿನ ಮಾದರಿ ತುಂಡೊಂದನ್ನು ಇವತ್ತು, ಎಷ್ಟು ಭಾರ ತಡೆಯುತ್ತದೆಂದು ನೋಡಲು, ಎಳೆಯುವ ಯಂತ್ರಕ್ಕೆ ಕಚ್ಚಿಸಿದೆ. ಅಬ್ಬಬ್ಬಾ, ಅದೇನು ಆರ್ಭಟ! ತಡೆಯಬೇಕಾದ ಭಾರದ ಅರ್ಧಕ್ಕೇ ಫಿರಂಗಿಯಂತೆ ಸಿಡಿದು, ಚೂರೊಂದು ನನ್ನ ಕೆನ್ನೆ ಸೀಳಿತು. ರಕ್ತ ಒರೆಸಿಕೊಂಡು ನೋಡಿದರೆ, ಲೋಹದ ಮೇಲೆ ಅಂಟು ಹಿಡಿಯದ ಜಾಗ ಐದು ಬೆರಳಿನ ಆಕಾರದಲ್ಲಿದೆ!

"ಯಾವನೋ ಮುಟ್ಟಿದ್ದು?" ಶೆಡ್ಡು ನಡುಗುವಂತೆ ಗರ್ಜಿಸಿದೆ.

"ನಾನೇ ಭಾವ," ಅಂದ ಹೆಂಡತಿಯ ತಮ್ಮ, ಮರಗೆಲಸ ಬಿಟ್ಟು ಬಂದವನು. "ಅಂಟು ಹಚ್ಚೋಕ್ಮುಂಚೆ, ತೊಳೆದ್ಮೇಲೆ ನುಣುಪಾಯ್ತಾ ಅಂತ ಸವರಿ ನೋಡ್ದೆ. ಮರಕ್ಕೆ ಹಾಗೇ ಮಾಡ್ತೀವಲ್ಲ."

"ಇದೇನು ಬಾಗಿಲೇನೋ? ಕೈ ಜಿಡ್ಡು ಸಾಕು ಕಣೋ, ಜನ ಸಾಯೋಕೆ!" ಎಂದವನೇ ಬಾರಿಸಿಬಿಟ್ಟೆ.

ಅವನು ಕೆನ್ನೆ ಹಿಡಿದುಕೊಂಡು, "ಏಣಿಗೂ ಸವರಿದೀನಿ ಭಾವ," ಅಂದ.

ಏಣಿಯನ್ನು ಬೆಳಿಗ್ಗೆಯೇ ಒಯ್ದಿದ್ದರು. ಇಬ್ಬರೂ ಅಗ್ನಿಶಾಮಕ ಠಾಣೆಗೆ ಓಡಿದೆವು. ಏಣಿ ಹತ್ತುತ್ತಿದ್ದವನನ್ನು ಕಾಲು ಹಿಡಿದೆಳೆದು ಇಳಿಸಿ, ಸುತ್ತಿಗೆಯಿಂದ ಅದನ್ನು ಚಚ್ಚಿ ಹಾಕಿದೆವು.

ಊಟಕ್ಕೆ ಕೂತಾಗ ಅವನಕ್ಕ ನಮ್ಮಿಬ್ಬರ ಕೆನ್ನೆಯನ್ನೂ ದುರುಗುಟ್ಟಿ ನೋಡಿದಳು. ಅವನ ಕೆನ್ನೆಯಲ್ಲಿ ನನ್ನ ಐದೂ ಬೆರಳು ಕೆಂಪಗೆ ಎದ್ದಿದ್ದವು.

"ಯಂತ್ರ ಸಿಡೀತು ಅಕ್ಕ, ಇಬ್ರಿಗೂ ಬಡೀತು," ಅಂದುಬಿಟ್ಟ, ಪುಣ್ಯಾತ್ಮ.

ನಾಳೆ ಅವನಿಗೆ ಏನಂತ ಹೇಳಿ ಕ್ಷಮೆ ಕೇಳಲಿ?