ಚಿತ್ರದಲ್ಲಿ ಕಣ್ಣು ಮುಚ್ಚಿದ ಪುಟ್ಟಿ

ಬಣ್ಣಗಾರರ ಓಣಿ, ಮೂರನೇ ಮಹಡಿ
೧೨ ನವೆಂಬರ್ ೧೮೭೪

ಪುಟ್ಟಿಯ ಅಪ್ಪನಿಗೆ, ಪ್ರೀತಿಯಿಂದ,

ಹೇಗಿದ್ದೀರಿ? ಸುರಂಗ ತೋಡುವ ಧೂಳಿಗೆ ಕೆಮ್ಮು ಹೆಚ್ಚಾಯಿತೇ? ಕಂಬಳಿ ಹೊದೆಯಲು ಸೋಮಾರಿತನ ಮಾಡಬೇಡಿ, ನಿಮ್ಮ ಜಾಯಮಾನ ನನಗೆ ಗೊತ್ತು. ನಾವಿಬ್ಬರೂ ಚೆನ್ನಾಗಿದ್ದೇವೆ. ಪುಟ್ಟಿಗೆ ಕೆಳಗಡೆ ಎರಡು ಹಲ್ಲು ಬಂದಿವೆ, ಕಂಡದ್ದನ್ನೆಲ್ಲ ಕಚ್ಚುತ್ತಾಳೆ. ನಿಮ್ಮ ಕಡೆಯವರ ಗುಣ.

ಒಂದು ವಿಷಯದಲ್ಲಿ ನನ್ನ ತಲೆ ಕೆಟ್ಟುಹೋಗಿದೆ. ತಪ್ಪು ಮಾಡಿದೆನೋ ಇಲ್ಲವೋ ನೀವೇ ಹೇಳಬೇಕು. ಅಂಗಿಗೆ ಗುಂಡಿ ಹೊಲಿಯುವ ಕೆಲಸ ನಿಂತ ಮೇಲೆ, ಹಿಂದಿನ ಬೀದಿಯ ಚಿತ್ರಕಾರ ನಮ್ಮಿಬ್ಬರನ್ನೂ ಕೂರಿಸಿ ಚಿತ್ರ ಬರೆಯುತ್ತೇನೆಂದ. ಒಲೆ ಉರಿಯುವ ಕೋಣೆ, ಸುಮ್ಮನೆ ಕೂರುವ ಕೆಲಸ; ಬೇಡ ಎನ್ನಲು ನನಗೇನು ಹುಚ್ಚೇ? ತಲೆ ಬಾಚಿ, ಇದ್ದುದರಲ್ಲೇ ಒಳ್ಳೆಯ ಬಟ್ಟೆ ತೊಟ್ಟು ಹೋದರೆ, “ಅಯ್ಯೋ, ಇದ್ಯಾಕಮ್ಮಾ ಹೀಗ್ ಬಂದೆ? ನಿನ್ನೆ ಇದ್ದ ಹಾಗೇ ಬಾ” ಎಂದು ವಾಪಸು ಕಳಿಸಿದ. ಹತ್ತು ದಿನ ಕೂತೆ. ಪುಟ್ಟಿ ಆ ಬೆಚ್ಚಗಿನ ಕೋಣೆಯಲ್ಲಿ ನನ್ನ ತೊಡೆಯ ಮೇಲೆ ಗೊರಕೆ ಹೊಡೆಯುತ್ತಿದ್ದಳು.

ಮೊನ್ನೆ ಆ ಚಿತ್ರವನ್ನು ದೊಡ್ಡ ಸಭಾಂಗಣದಲ್ಲಿ ತೂಗುಹಾಕಿದರು. ಮಗಳನ್ನು ಎತ್ತಿಕೊಂಡು ಖುಷಿಯಿಂದ ನೋಡಲು ಹೋದೆ. ಚಿತ್ರದ ಕೋಣೆಯಲ್ಲಿ ಒಲೆಯೇ ಇಲ್ಲ. ನನ್ನ ತೊಡೆಯ ಮೇಲೆ ಪುಟ್ಟಿ, ಮೈಯೆಲ್ಲ ಬೂದಿಬಣ್ಣ, ಒಂದು ಕೈ ಜೋತುಬಿದ್ದಿದೆ. ಅವಳನ್ನು ಸಾಯಿಸಿಬಿಟ್ಟಿದ್ದಾನೆ! ಎದುರು ನಿಂತ ಹೆಂಗಸರು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಅಷ್ಟರಲ್ಲಿ ನಮ್ಮ ಪುಟ್ಟಿ ಕೇಕೆ ಹಾಕಿದಳು. ಒಬ್ಬಾಕೆ ಕಣ್ಣೊರೆಸಿಕೊಳ್ಳುತ್ತಾ ತಿರುಗಿ, “ಆ ಮಗೂನ ಸ್ವಲ್ಪ ಆಚೆ ಕರ್ಕೊಂಡು ಹೋಗಮ್ಮಾ, ಇಲ್ಲಿ ನಮಗೆ ಕರುಳು ಹಿಂಡ್ತಾ ಇದೆ” ಎಂದಳು. ನನ್ನ ಮುಖ ನೋಡಿಯೇ ಹೇಳಿದಳು, ಗುರುತು ಸಿಗಲಿಲ್ಲ. ನನಗೆ ಸಿಟ್ಟು ಬರಬೇಕಿತ್ತು. ಬದಲಿಗೆ ಮೆಟ್ಟಿಲ ಮೇಲೆ ಕೂತು ನಾನೂ ಅತ್ತೆ, ಆ ಚಿತ್ರದ ಮಗುವಿಗಾಗಿ. ಮಡಿಲಲ್ಲಿ ಮಗಳು ಆಡುತ್ತಿರುವಾಗ ಹಾಗೆ ಅಳಬಹುದೇ? ಅವಳಿಗೇನಾದರೂ ಕೆಟ್ಟದ್ದಾದೀತೇ? ಚಿತ್ರಕಾರನನ್ನು ಕೇಳಿದರೆ, “ನಿದ್ದೆ ಮಾಡೋ ಮಗೂನ ಯಾರಮ್ಮಾ ನಿಂತು ನೋಡ್ತಾರೆ?” ಎಂದ. ಸೋಮವಾರದಿಂದ ಇನ್ನೊಂದು ಚಿತ್ರಕ್ಕೆ ಬಾ ಎನ್ನುತ್ತಾನೆ. ಅಲ್ಲಿ ಒಲೆಯಿದೆ. ಹೋಗಲೇ, ಬೇಡವೇ, ಏನೂ ತೋಚುತ್ತಿಲ್ಲ.

ಜೊತೆಯವರಿಗೆಲ್ಲ ನನ್ನ ನಮಸ್ಕಾರ ಹೇಳಿ. ಮೈ ಜೋಪಾನ.

ನಿಮ್ಮವಳು,
ಪುಟ್ಟಿಯ ಅಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಕೆಳಮನೆಯಾಕೆ ಓಡಿಬಂದಳು. ಆ ಚಿತ್ರ ಈ ವಾರ ಪತ್ರಿಕೆಯಲ್ಲಿ ಅಚ್ಚಾಗುತ್ತದಂತೆ, ನಿಮ್ಮ ಬಿಡಾರಕ್ಕೂ ಬರುತ್ತದಂತೆ. ಬೇರೆ ಯಾರಿಗೆ ಸಿಗದಿದ್ದರೂ ನಿಮಗೆ ನನ್ನ ಗುರುತು ಸಿಕ್ಕೇ ಸಿಗುತ್ತದೆ. ಆ ಚಿತ್ರವನ್ನು ನಂಬಬೇಡಿ, ಪುಟ್ಟಿ ಚೆನ್ನಾಗಿದ್ದಾಳೆ. ನಾನು ಬರೆದದ್ದೇ ಸಮಾಧಾನದ ಸುಳ್ಳು ಎಂದುಕೊಂಡೀರಿ ಎಂದು ಪುಟ್ಟಿಯ ಅಂಗೈಗೆ ಮಸಿ ಹಚ್ಚಿ ಇಲ್ಲಿ ಒತ್ತಿದ್ದೇನೆ. ಕಿರುಚಿಕೊಂಡು ಕೈ ಎಳೆದುಕೊಂಡಳು, ನೋಡಿ, ಅದಕ್ಕೇ ಬೆರಳುಗಳು ಕಾಗದದ ಅಂಚಿನವರೆಗೂ ಕಲಸಿಹೋಗಿವೆ.